ಯುವರಾಜ ಯೋಸಿಯಾಸ್: ವಾಲ್ಡೆಕ್ ಅರಮನೆಯಿಂದ ಬೂಖನ್‌ವಾಲ್ಡ್ ಕಟಕಟೆಗೆ

1947ರ ಏಪ್ರಿಲ್ 11ರಂದು ಜರ್ಮನಿಯ ಡಾಖೌನಲ್ಲಿ ಅಮೆರಿಕದ ಸೇನಾ ನ್ಯಾಯಾಲಯವು ನಾತ್ಸಿಗಳ ಬೂಖನ್‌ವಾಲ್ಡ್ ಯಾತನಾ ಶಿಬಿರದ ಅಪರಾಧಗಳ ವಿಚಾರಣೆಯನ್ನು ಆರಂಭಿಸಿತು. ಆ ಶಿಬಿರ ಬಿಡುಗಡೆಯಾಗಿ ಅಂದಿಗೆ ಸರಿಯಾಗಿ ಎರಡು ವರ್ಷ. ಕಟಕಟೆಯಲ್ಲಿ 31 ಮಂದಿ ಆರೋಪಿಗಳಿದ್ದರು. ಶಿಬಿರದ ಕೊನೆಯ ಕಮಾಂಡೆಂಟ್ ಹರ್ಮನ್ ಪಿಸ್ಟರ್ ಇದ್ದ, ವೈದ್ಯರಿದ್ದರು, ಕಾವಲಿನವರಿದ್ದರು. ಆದರೆ ಮೊಕದ್ದಮೆಗೆ ಹೆಸರು ಬಂದದ್ದು ಇವರಾರಿಂದಲೂ ಅಲ್ಲ. ಶಿಬಿರದಲ್ಲಿ ಒಂದು ದಿನವೂ ಹುದ್ದೆ ಹೊಂದಿರದ ಒಬ್ಬ ರಾಜಕುಮಾರ ಮೊದಲ ಆರೋಪಿಯಾಗಿದ್ದ: ಯೋಸಿಯಾಸ್, ವಾಲ್ಡೆಕ್ ಮತ್ತು ಪಿರ್ಮೊಂಟ್ ಮನೆತನದ ಯುವರಾಜ.

ಇವನ ಬದುಕನ್ನು ಓದಲು ಕುಳಿತವರೆಲ್ಲ ಮೊದಲು ಕೇಳುವ ಪ್ರಶ್ನೆ, ‘ಅವನು ಯಾರನ್ನು ಕೊಂದ?’ ಎಂಬುದು. ನಾನೂ ಅಲ್ಲಿಂದಲೇ ಆರಂಭಿಸಿದೆ, ಅಲ್ಲಿಯೇ ಬಹಳ ದಿನ ಸಿಕ್ಕಿಕೊಂಡೆ. ಕೈಗೆ ರಕ್ತ ಮೆತ್ತಿಕೊಂಡವನನ್ನು ಹುಡುಕುತ್ತಿದ್ದರೆ ಇಂಥವನ ಅಪರಾಧ ಕಣ್ಣಿಗೆ ಬೀಳುವುದೇ ಇಲ್ಲ. ಅವನ ಅಪರಾಧ ಇದ್ದದ್ದು ಅಧಿಕಾರದಲ್ಲಿ, ಸಹಿಯಲ್ಲಿ, ಆದೇಶದಲ್ಲಿ. ಆದ್ದರಿಂದ ಈ ಟಿಪ್ಪಣಿಯಲ್ಲಿ ಹುದ್ದೆಗಳ ವಿವರಣೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹುಟ್ಟಿದ ಮನೆ

ಯೋಸಿಯಾಸ್ ಹುಟ್ಟಿದ್ದು 1896ರ ಮೇ 13ರಂದು, ಇಂದಿನ ಹೆಸೆನ್ ರಾಜ್ಯದ ಉತ್ತರ ಭಾಗದಲ್ಲಿರುವ ಆರೋಲ್ಸನ್ ಪಟ್ಟಣದಲ್ಲಿ. ತಂದೆ ಫ್ರೀಡ್ರಿಖ್ ಆ ಪುಟ್ಟ ಸಂಸ್ಥಾನದ ದೊರೆ. ಸಂಸ್ಥಾನ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಂದಿನ ಜರ್ಮನ್ ಸಾಮ್ರಾಜ್ಯವು 25 ರಾಜ್ಯಗಳ ಒಕ್ಕೂಟವಾಗಿತ್ತು, ಅವುಗಳಲ್ಲಿ 22ಕ್ಕೆ ಅವವುಗಳದೇ ಅರಸರಿದ್ದರು. ವಾಲ್ಡೆಕ್-ಪಿರ್ಮೊಂಟ್ ಅತಿ ಚಿಕ್ಕವುಗಳಲ್ಲಿ ಒಂದು: ಸುಮಾರು 1,120 ಚದರ ಕಿಲೋಮೀಟರ್ ನೆಲ, 1910ರ ಹೊತ್ತಿಗೆ ಸುಮಾರು 62,000 ಜನ. ಅದರ ಆಡಳಿತವನ್ನು 1868ರಿಂದಲೇ ಒಕ್ಕೂಟದ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾ ನೋಡಿಕೊಳ್ಳುತ್ತಿತ್ತು. ದೊರೆಗೆ ಉಳಿದದ್ದು ಪಟ್ಟ, ಅರಮನೆ, ಕಾಡು, ಹೊಲ ಮತ್ತು ಮರ್ಯಾದೆ.

ಸಂಸ್ಥಾನ ಚಿಕ್ಕದಾದರೂ ನೆಂಟಸ್ತಿಕೆ ದೊಡ್ಡದು. ಫ್ರೀಡ್ರಿಖ್‌ನ ಅಕ್ಕ ಎಮ್ಮಾ ನೆದರ್‌ಲ್ಯಾಂಡ್ಸ್‌ನ ರಾಣಿ, ಆಕೆಯ ಮಗಳು ರಾಣಿ ವಿಲ್ಹೆಲ್ಮಿನಾ. ಇನ್ನೊಬ್ಬ ಸಹೋದರಿ ಹೆಲೆನಾ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಸೊಸೆ, ಆಕೆಯ ಮಗ ಕಾರ್ಲ್ ಎಡ್ವರ್ಡ್ ಜರ್ಮನಿಯ ಕೋಬುರ್ಗ್‌ನ ಡ್ಯೂಕ್ ಆದ. ಹೀಗೆ ಯೋಸಿಯಾಸನ ಸೋದರತ್ತೆಯರ ಮಕ್ಕಳಲ್ಲಿ ಒಬ್ಬಳು ಮುಂದೆ ಹಿಟ್ಲರನ ಸೇನೆಯಿಂದ ತಪ್ಪಿಸಿಕೊಂಡು ಲಂಡನ್ನಿನಿಂದ ತನ್ನ ಜನರನ್ನು ಹುರಿದುಂಬಿಸಿದಳು, ಇನ್ನೊಬ್ಬ ನಾತ್ಸಿ ಪಕ್ಷ ಸೇರಿದ. ಇದನ್ನು ನೆನಪಿನಲ್ಲಿಡಿ, ವಿಲ್ಹೆಲ್ಮಿನಾ ಮತ್ತೆ ಬರುತ್ತಾಳೆ.

ಮೊದಲನೆಯ ಮಹಾಯುದ್ಧದಲ್ಲಿ ಯೋಸಿಯಾಸ್ ಹೋರಾಡಿದ, ಗಾಯಗೊಂಡ. 1918ರ ನವೆಂಬರ್ ಕ್ರಾಂತಿಯಲ್ಲಿ ಎಲ್ಲ ಅರಸರ ಜೊತೆಗೆ ಅವನ ತಂದೆಯೂ ಪಟ್ಟ ಕಳೆದುಕೊಂಡ. 22ರ ಹರೆಯದಲ್ಲಿ ಯುವರಾಜನಿಗೆ ಏರಬೇಕಾದ ಸಿಂಹಾಸನವೇ ಇಲ್ಲವಾಯಿತು. 1919ರ ವೈಮಾರ್ ಸಂವಿಧಾನದ, ಅಂದರೆ ಹೊಸ ಜರ್ಮನ್ ಗಣರಾಜ್ಯದ ಸಂವಿಧಾನದ, 109ನೇ ವಿಧಿಯು ಕುಲೀನರ ವಿಶೇಷ ಹಕ್ಕುಗಳನ್ನು ತೆಗೆದುಹಾಕಿತು. ‘ರಾಜಕುಮಾರ’ ಎಂಬುದು ಹೆಸರಿನ ಒಂದು ತುಂಡಾಗಿ ಉಳಿಯಿತು, ಅಷ್ಟೆ. ಆದರೆ ಆಸ್ತಿಯೆಲ್ಲ ಹೋಯಿತು ಎಂದುಕೊಳ್ಳಬೇಡಿ. ಅರಸರ ಆಸ್ತಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೆಂದು 1926ರ ಜೂನ್‌ನಲ್ಲಿ ಜನಮತಗಣನೆ ನಡೆದಾಗ ಸುಮಾರು 1 ಕೋಟಿ 45 ಲಕ್ಷ ಜನ ಹೌದೆಂದರು. ಬೇಕಾದದ್ದು ಒಟ್ಟು ಮತದಾರರ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 2 ಕೋಟಿ. ಆಸ್ತಿ ಉಳಿಯಿತು, ಜೊತೆಗೆ ಮತ್ತೆಂದಾದರೂ ಅದು ಹೋದೀತೆಂಬ ಭಯವೂ ಉಳಿಯಿತು.

2,139 ಎಂಬ ಸಂಖ್ಯೆ

ಕೃಷಿ ಓದಿದ ಯೋಸಿಯಾಸ್ 1922ರಲ್ಲಿ ಓಲ್ಡೆನ್‌ಬುರ್ಗ್ ರಾಜಮನೆತನದ ಆಲ್ಟ್‌ಬುರ್ಗ್‌ಳನ್ನು ಮದುವೆಯಾದ. 1929ರ ನವೆಂಬರ್‌ನಲ್ಲಿ ನಾತ್ಸಿ ಪಕ್ಷ ಸೇರಿದ, 1930ರ ಮಾರ್ಚ್‌ನಲ್ಲಿ ಪಕ್ಷದ ಸಮವಸ್ತ್ರಧಾರಿ ಪಡೆಯಾದ ಎಸ್‌ಎಸ್ ಸೇರಿದ. ಅವನ ಎಸ್‌ಎಸ್ ಸದಸ್ಯತ್ವದ ಸಂಖ್ಯೆ 2,139.

ಈ ಬಗೆಯ ಸಂಖ್ಯೆಗಳನ್ನು ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ, ಅವು ತುಂಬ ಹೇಳುತ್ತವೆ. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ನೌಕರಿಗಾಗಿ, ಬಡ್ತಿಗಾಗಿ, ಹೆದರಿಕೆಯಿಂದ ಪಕ್ಷ ಸೇರಿದವರು ಲಕ್ಷಗಟ್ಟಲೆ. ಯೋಸಿಯಾಸ್ ಸೇರಿದ್ದು ಅದಕ್ಕೂ ಮೂರು ವರ್ಷ ಮೊದಲು. 1929ರ ಜನವರಿಯಲ್ಲಿ ಹಿಮ್ಲರ್ ಎಸ್‌ಎಸ್‌ನ ಹೊಣೆ ಹೊತ್ತಾಗ ಅದರಲ್ಲಿ ಇದ್ದದ್ದು 300ಕ್ಕೂ ಕಡಿಮೆ ಜನ. ಅಂಥ ಗುಂಪಿಗೆ ಒಬ್ಬ ಯುವರಾಜ ನಡೆದು ಬಂದನೆಂದರೆ ಅದು ಗಾಳಿ ಬಂದತ್ತ ತೂರಿಕೊಂಡದ್ದಲ್ಲ, ನಂಬಿ ಇಟ್ಟ ಹೆಜ್ಜೆ. ‘ಕಾಲದ ಒತ್ತಡಕ್ಕೆ ಸಿಕ್ಕವನು’ ಎಂಬ ಸಮಜಾಯಿಷಿ ಇವನ ಮಟ್ಟಿಗೆ ನಿಲ್ಲುವುದಿಲ್ಲ.

ಹಿಮ್ಲರನಿಗೆ ಇವನು ಏಕೆ ಬೇಕಾಗಿದ್ದ? ಬೀದಿ ಜಗಳದ ಪಕ್ಷವೆಂದು ಮೂಗು ಮುರಿಯುತ್ತಿದ್ದ ಭೂಮಾಲೀಕರ, ಸೇನಾಧಿಕಾರಿಗಳ ಮನೆಬಾಗಿಲನ್ನು ತೆರೆಸುವ ಕೀಲಿಕೈ ಈ ಹೆಸರಿನಲ್ಲಿತ್ತು. ಎಸ್‌ಎಸ್ ಒಂದು ಹೊಸ ಕುಲೀನ ವರ್ಗವಾಗಬೇಕು, ರಕ್ತಶುದ್ಧಿಯೇ ಅದರ ವಂಶಾವಳಿ ಎಂಬ ಭ್ರಮೆ ಹಿಮ್ಲರನದು. ಹಳೆಯ ಕುಲೀನನೊಬ್ಬ ಬಂದು ಆ ಭ್ರಮೆಗೆ ಮುದ್ರೆ ಒತ್ತಿದ. 1930ರಲ್ಲೇ ಯೋಸಿಯಾಸ್ ಹಿಮ್ಲರನ ಆಪ್ತ ಸಹಾಯಕನಾದ, 1933ರಲ್ಲಿ ಜರ್ಮನ್ ಸಂಸತ್ತಾದ ರೈಖ್‌ಸ್ಟಾಗ್‌ನ ಸದಸ್ಯನಾದ, 1936ರಲ್ಲಿ ಎಸ್‌ಎಸ್-ಓಬರ್‌ಗ್ರುಪೆನ್‌ಫ್ಯೂರರ್, ಅಂದರೆ ಸೇನೆಯ ಉನ್ನತ ಜನರಲ್‌ಗೆ ಸಮನಾದ ಪದವಿಗೆ ಏರಿದ. ಅದೇ ವರ್ಷ ಅವನಿಗೆ ಗಂಡುಮಗು ಹುಟ್ಟಿದಾಗ ಹಿಟ್ಲರ್ ಮತ್ತು ಹಿಮ್ಲರ್ ಆ ಮಗುವಿನ ಧರ್ಮಪಿತರಾದರು.

ಇವನೊಬ್ಬನೇ ಅಲ್ಲ. ಕುಲೀನರು ಜರ್ಮನಿಯ ಜನಸಂಖ್ಯೆಯಲ್ಲಿ ಶೇ 1ರಷ್ಟೂ ಇರಲಿಲ್ಲ. 1938ರಲ್ಲಿ ಓಬರ್‌ಗ್ರುಪೆನ್‌ಫ್ಯೂರರ್‌ಗಳಲ್ಲಿ ಅವರ ಪಾಲು ಶೇ 18.7 ಆಗಿತ್ತು.

ಹುದ್ದೆಯ ಅರ್ಥ

ಈಗ ಅತಿ ಮುಖ್ಯ ಭಾಗ. ಯುದ್ಧದ ಕಾಲದಲ್ಲಿ ಯೋಸಿಯಾಸ್ ಫುಲ್ಡಾ-ವೆರಾ ಪ್ರಾಂತದ ‘ಎಸ್‌ಎಸ್ ಮತ್ತು ಪೊಲೀಸ್ ಮುಖ್ಯಾಧಿಕಾರಿ’ಯಾಗಿದ್ದ. ವೈಮಾರ್ ನಗರ ಇವನ ವ್ಯಾಪ್ತಿಗೆ ಸೇರಿತ್ತು, ಅದರ ಪಕ್ಕದ ಎಟರ್ಸ್‌ಬೆರ್ಗ್ ಗುಡ್ಡದ ಮೇಲೆ ಬೂಖನ್‌ವಾಲ್ಡ್ ಶಿಬಿರವಿತ್ತು.

ಗೊಂದಲ ಹುಟ್ಟುವುದು ಇಲ್ಲಿಯೇ. ಯಾತನಾ ಶಿಬಿರಗಳ ದೈನಂದಿನ ಆಡಳಿತ ಬರ್ಲಿನ್ ಬಳಿಯ ಓರಾನಿಯೆನ್‌ಬುರ್ಗ್‌ನ ಕೇಂದ್ರ ಕಚೇರಿಯಿಂದ ನಡೆಯುತ್ತಿತ್ತು. ಕಮಾಂಡೆಂಟ್ ಉತ್ತರ ಕೊಡಬೇಕಾದದ್ದು ಅಲ್ಲಿಗೆ, ಪ್ರಾಂತದ ಮುಖ್ಯಾಧಿಕಾರಿಗಲ್ಲ. ಯೋಸಿಯಾಸನ ವಾದವೂ ಇದೇ: ಶಿಬಿರ ನನ್ನದಲ್ಲ. ಆದರೆ ಅವನ ಕೈಯಲ್ಲಿ ಎರಡು ಅಧಿಕಾರಗಳಿದ್ದವು. ಒಂದು, ಪ್ರಾಂತದ ಎಸ್‌ಎಸ್ ಸಿಬ್ಬಂದಿಯ ಮೇಲೆ, ಶಿಬಿರದವರೂ ಸೇರಿದಂತೆ, ನ್ಯಾಯಾಧಿಕಾರ. ಎರಡನೆಯದು 1944ರ ಬೇಸಿಗೆಯಲ್ಲಿ ಬಂದದ್ದು: ಶತ್ರುಸೈನ್ಯ ಹತ್ತಿರವಾದಾಗ ಶಿಬಿರಗಳು ಪ್ರಾಂತದ ಮುಖ್ಯಾಧಿಕಾರಿಯ ಅಧೀನಕ್ಕೆ ಬರಬೇಕೆಂದು ಹಿಮ್ಲರ್ ಆದೇಶಿಸಿದ. ಮೊದಲನೆಯ ಅಧಿಕಾರವನ್ನು ಅವನು ಹೇಗೆ ಬಳಸಿದ, ಎರಡನೆಯದನ್ನು ಹೇಗೆ ಬಳಸಿದ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನುಷ್ಯ ಕಾಣಿಸುತ್ತಾನೆ.

ಕೊಖ್ ಪ್ರಕರಣ

ವಾಲ್ಟರ್ ಕ್ರೇಮರ್ ಬೂಖನ್‌ವಾಲ್ಡ್‌ನ ಕೈದಿ, ಪ್ರಷ್ಯಾದ ಶಾಸನಸಭೆಯಲ್ಲಿ ಕಮ್ಯುನಿಸ್ಟ್ ಸದಸ್ಯರಾಗಿದ್ದವರು. ವೈದ್ಯಕೀಯ ಓದಿದವರಲ್ಲ, ಶಿಬಿರದಲ್ಲೇ ಪುಸ್ತಕ ಹಿಡಿದು ಕಲಿತು, ಕೈದಿಗಳ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುತ್ತ, ಶಸ್ತ್ರಚಿಕಿತ್ಸೆಯನ್ನೂ ಮಾಡಿ ಎಷ್ಟೋ ಜೀವ ಉಳಿಸಿದರು. ಎಸ್‌ಎಸ್‌ನವರೂ ಗುಟ್ಟಾಗಿ ಅವರ ಬಳಿ ಬರುತ್ತಿದ್ದರು. 1941ರ ನವೆಂಬರ್ 6ರಂದು ಅವರನ್ನೂ ಸಂಗಾತಿ ಕಾರ್ಲ್ ಪೈಕ್ಸ್ ಅವರನ್ನೂ ಹೊರಶಿಬಿರವೊಂದರಲ್ಲಿ ಗುಂಡಿಟ್ಟು ಕೊಂದರು. ಅಂದಿನ ಕಮಾಂಡೆಂಟ್ ಕಾರ್ಲ್ ಓಟೋ ಕೊಖ್ ತನಗಿದ್ದ ಗುಹ್ಯರೋಗಕ್ಕೆ ಕ್ರೇಮರ್ ಚಿಕಿತ್ಸೆ ನೀಡಿದ ಗುಟ್ಟು ಹೊರಬೀಳಬಾರದೆಂದು ಕೊಲ್ಲಿಸಿದ ಎನ್ನುತ್ತಾರೆ. ಸತ್ತವರ ಪಟ್ಟಿಯಲ್ಲಿ ಈ ಹೆಸರು ಯೋಸಿಯಾಸನ ಕಣ್ಣಿಗೆ ಬಿತ್ತು, ಹಿಂದೊಮ್ಮೆ ಅವನಿಗೂ ಕ್ರೇಮರ್ ಚಿಕಿತ್ಸೆ ನೀಡಿದ್ದರು, ಹಾಗಾಗಿ ಅವನು ಬೆನ್ನು ಹತ್ತಿದ ಎಂಬುದು ಪ್ರಚಲಿತ ವೃತ್ತಾಂತ. ಮುಂದೆ ಎಸ್‌ಎಸ್ ನ್ಯಾಯಾಧೀಶ ಕೊನ್ರಾಡ್ ಮೊರ್ಗನ್ ನಡೆಸಿದ ತನಿಖೆಯಲ್ಲಿ ಕೊಖ್‌ನ ಲೂಟಿಯ ಕಥೆ ಬಯಲಾಯಿತು. 1945ರ ಏಪ್ರಿಲ್ 5ರಂದು ಕೊಖ್‌ನನ್ನು ಎಸ್‌ಎಸ್‌ನವರೇ ಬೂಖನ್‌ವಾಲ್ಡ್‌ನಲ್ಲಿ ಗುಂಡಿಟ್ಟು ಕೊಂದರು.

ಇದನ್ನು ಓದಿದ ಕೆಲವರು, ‘ಹಾಗಾದರೆ ಯುವರಾಜನಲ್ಲಿ ಒಂದಿಷ್ಟು ನ್ಯಾಯಬುದ್ಧಿ ಇತ್ತಲ್ಲವೇ?’ ಎಂದು ಕೇಳುತ್ತಾರೆ. ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅದೇ ಶಿಬಿರದಲ್ಲಿ, ಅದೇ ವರ್ಷಗಳಲ್ಲಿ, ಕುದುರೆ ಲಾಯವೊಂದನ್ನು ವೈದ್ಯಕೀಯ ತಪಾಸಣೆಯ ಕೊಠಡಿಯಂತೆ ಅಣಿಗೊಳಿಸಿ, ಎತ್ತರ ಅಳೆಯುವ ನೆಪದಲ್ಲಿ ನಿಲ್ಲಿಸಿ, 8,000ಕ್ಕೂ ಹೆಚ್ಚು ಸೋವಿಯತ್ ಯುದ್ಧಕೈದಿಗಳ ಕುತ್ತಿಗೆಗೆ ಹಿಂದಿನಿಂದ ಗುಂಡಿಕ್ಕಿದರು. 1941ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಬೀದಿಗಳಲ್ಲಿ ಹಿಡಿದ ಸುಮಾರು 400 ಯಹೂದಿ ಯುವಕರಲ್ಲಿ ಹೆಚ್ಚಿನವರನ್ನು ಇಲ್ಲಿಗೆ ತಂದು, ಬಳಿಕ ಮೌಥೌಸೆನ್ ಯಾತನಾ ಶಿಬಿರಕ್ಕೆ ಸಾಯಲು ಕಳುಹಿಸಿದರು. ಅವರು ಯಾರ ಪ್ರಜೆಗಳು? ಯೋಸಿಯಾಸನ ಸೋದರತ್ತೆಯ ಮಗಳು ವಿಲ್ಹೆಲ್ಮಿನಾಳ ಪ್ರಜೆಗಳು. ಈ ಯಾವುದಕ್ಕೂ ಅವನು ತನಿಖೆ ಮಾಡಿಸಲಿಲ್ಲ. ಕೊಖ್‌ನ ಮೇಲಿದ್ದ ದೂರು ಕೊಲೆ ನಡೆಯಿತೆಂದಲ್ಲ, ಅಪ್ಪಣೆಯಿಲ್ಲದೆ ನಡೆಯಿತೆಂದು. ಕೈದಿಗಳನ್ನು ದೋಚಿದನೆಂದಲ್ಲ, ದೋಚಿದ್ದನ್ನು ಸರ್ಕಾರಕ್ಕೆ ಒಪ್ಪಿಸದೆ ತಾನೇ ಇಟ್ಟುಕೊಂಡನೆಂದು. ಪ್ರಾಮಾಣಿಕತೆ ಎಂದು ನಾವು ಕರೆಯುವ ಗುಣ ಕೊಲೆಯಂತ್ರಕ್ಕೆ ಎಣ್ಣೆ ಹಾಕುವ ಕೆಲಸವನ್ನೂ ಮಾಡಬಲ್ಲದು.

ಏಪ್ರಿಲ್ 1945

ಎರಡನೆಯ ಅಧಿಕಾರದ ಪರೀಕ್ಷೆ ಬಂದದ್ದು ಆಗ. ಅಮೆರಿಕದ ಸೇನೆ ವೈಮಾರ್ ಇರುವ ತ್ಯೂರಿಂಗೆನ್ ಪ್ರದೇಶಕ್ಕೆ ನುಗ್ಗುತ್ತಿತ್ತು. ಶಿಬಿರದಲ್ಲಿ ಸುಮಾರು 48,000 ಜನ ಕಿಕ್ಕಿರಿದಿದ್ದರು. ಸುಮ್ಮನಿದ್ದರೆ ಸಾಕಿತ್ತು, ಕೆಲವೇ ದಿನಗಳಲ್ಲಿ ಬಿಡುಗಡೆಯಾಗುತ್ತಿತ್ತು. ಬದಲಾಗಿ ಏಪ್ರಿಲ್ ಮೊದಲ ವಾರದಿಂದ ಸುಮಾರು 28,000 ಕೈದಿಗಳನ್ನು ಕಾಲ್ನಡಿಗೆಯಲ್ಲಿ, ತೆರೆದ ಸರಕುಗಾಡಿಗಳಲ್ಲಿ ಹೊರಗೆ ಅಟ್ಟಿದರು. ಹೊಟ್ಟೆಗಿಲ್ಲ, ಕಾಲಿಗಿಲ್ಲ, ಕುಸಿದವರಿಗೆ ಅಲ್ಲೇ ಗುಂಡು. ಸುಮಾರು ಮೂರರಲ್ಲಿ ಒಬ್ಬರು ದಾರಿಯಲ್ಲೋ ತಲುಪಿದ ಕೂಡಲೇಯೋ ಸತ್ತರು. ಶಿಬಿರದೊಳಗಿನ ಕೈದಿಗಳ ಗುಪ್ತ ಸಂಘಟನೆ ಹೊರಡುವುದನ್ನು ತಡಮಾಡಿಸುತ್ತ ಹೋದದ್ದರಿಂದ ಏಪ್ರಿಲ್ 11ರಂದು ಅಮೆರಿಕದ ಸೈನಿಕರು ಬಂದಾಗ ಸುಮಾರು 21,000 ಜನ ಅಲ್ಲಿ ಜೀವಂತವಾಗಿದ್ದರು. ಈ ಸಾವಿನ ನಡಿಗೆಗಳ ಆದೇಶದ ಸರಪಳಿಯಲ್ಲಿ ಹಿಮ್ಲರ್ ಮತ್ತು ಪಿಸ್ಟರ್ ನಡುವೆ ನಿಂತಿದ್ದವನು ಯೋಸಿಯಾಸ್.

1937ರಿಂದ ಬೂಖನ್‌ವಾಲ್ಡ್ ಮತ್ತು ಅದರ ಉಪಶಿಬಿರಗಳಲ್ಲಿ ಸತ್ತವರ ಸಂಖ್ಯೆ ಸುಮಾರು 56,000. ಅವರಲ್ಲೊಬ್ಬಳು ಇಟಲಿಯ ದೊರೆಯ ಮಗಳು ಮಫಾಲ್ಡಾ; 1944ರ ಆಗಸ್ಟ್‌ನ ಬಾಂಬು ದಾಳಿಯಲ್ಲಿ ಗಾಯಗೊಂಡು ತೀರಿಕೊಂಡಳು. ಆಕೆಯ ಗಂಡ ಫಿಲಿಪ್ ಆಫ್ ಹೆಸೆನ್ ಸಹ ನಾತ್ಸಿ ಪಕ್ಷದ ರಾಜಕುಮಾರನೇ.

ವಿಚಾರಣೆ ಮತ್ತು ನಂತರ

ಡಾಖೌ ನ್ಯಾಯಾಲಯ ಬಳಸಿದ ಸೂತ್ರ, ಒಂದೇ ಉದ್ದೇಶದ ಕೃತ್ಯದಲ್ಲಿ ಪಾಲುಗಾರಿಕೆ ಎಂಬುದು. ಅಭಿಯೋಜಕ ವಿಲಿಯಂ ಡೆನ್ಸನ್ ಒಬ್ಬೊಬ್ಬನೂ ಒಂದೊಂದು ಕೊಲೆ ಮಾಡಿದನೆಂದು ಸಾಧಿಸಬೇಕಾಗಿರಲಿಲ್ಲ. ಶಿಬಿರವೇ ಒಂದು ಅಪರಾಧ ವ್ಯವಸ್ಥೆ, ಅದರ ಸ್ವರೂಪ ಆರೋಪಿಗೆ ತಿಳಿದಿತ್ತು, ತಿಳಿದೂ ಅದು ನಡೆಯುವಂತೆ ಅವನು ಕೆಲಸ ಮಾಡಿದ ಎಂದು ತೋರಿಸಿದರೆ ಸಾಕಿತ್ತು. ನಮ್ಮ ಹಿಂದಿನ ದಂಡಸಂಹಿತೆಯಲ್ಲಿದ್ದ, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿರುವ ‘ಸಮಾನ ಉದ್ದೇಶ’ ಇದಕ್ಕೆ ಹತ್ತಿರದ್ದು, ಆದರೆ ಎರಡೂ ಒಂದೇ ಅಲ್ಲ. ಇನ್ನೊಂದು ಮಿತಿಯನ್ನೂ ಗಮನಿಸಿ: ಈ ನ್ಯಾಯಾಲಯ ಕೈಗೆತ್ತಿಕೊಂಡದ್ದು ಜರ್ಮನ್ನರಲ್ಲದವರ ಮೇಲೆ ನಡೆದ ಅಪರಾಧಗಳನ್ನು ಮಾತ್ರ. ಜರ್ಮನ್ ಪ್ರಜೆಯಾಗಿದ್ದ ಕ್ರೇಮರ್ ಅವರ ಕೊಲೆ ಆ ಆರೋಪದ ಚೌಕಟ್ಟಿನ ಹೊರಗೇ ಉಳಿಯುತ್ತಿತ್ತು.

1947ರ ಆಗಸ್ಟ್ 14ರಂದು 31 ಜನರೂ ತಪ್ಪಿತಸ್ಥರೆಂದು ತೀರ್ಪಾಯಿತು. 22 ಮಂದಿಗೆ ಮರಣದಂಡನೆ. ಯೋಸಿಯಾಸನಿಗೆ ಜೀವಾವಧಿ ಶಿಕ್ಷೆ. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರಿಂದ ಸೆರೆಯಲ್ಲಿದ್ದುಕೊಂಡೇ ಅವನು ಮನೆತನದ ಯಜಮಾನನಾಗಿದ್ದ. 1948ರಲ್ಲಿ ಶಿಕ್ಷೆ 20 ವರ್ಷಕ್ಕೆ ಇಳಿಯಿತು. 1950ರ ಕೊನೆಗೆ ಅನಾರೋಗ್ಯದ ಕಾರಣದಿಂದ ಲಾಂಡ್ಸ್‌ಬೆರ್ಗ್ ಸೆರೆಮನೆಯಿಂದ ಬಿಟ್ಟರು. ಹಾಗೆ ಬಿಟ್ಟ ಮೇಲೆ ಅವನು ಇನ್ನೂ 17 ವರ್ಷ ಬದುಕಿದ. ಶೀತಲ ಸಮರ ಬಿಗಿಯಾಗುತ್ತಿದ್ದ ಆ ದಿನಗಳಲ್ಲಿ ಪಶ್ಚಿಮ ಜರ್ಮನಿಯ ಸ್ನೇಹ ಅಮೆರಿಕಕ್ಕೆ ಬೇಕಾಗಿತ್ತು, ಇಂಥ ಬಿಡುಗಡೆಗಳು ಸಾಲುಸಾಲಾಗಿ ನಡೆದವು.

ಅದೇ ಕಟಕಟೆಯಲ್ಲಿ ಇದ್ದ ಒಬ್ಬಳೇ ಹೆಂಗಸು, ಕೊಖ್‌ನ ಹೆಂಡತಿ ಇಲ್ಸೆ. ಅವಳಿಗೂ ಜೀವಾವಧಿ ಆಗಿತ್ತು, ಅವಳ ಶಿಕ್ಷೆಯೂ ನಾಲ್ಕು ವರ್ಷಕ್ಕೆ ಇಳಿದಿತ್ತು. ಅಮೆರಿಕದಲ್ಲಿ ದೊಡ್ಡ ಗದ್ದಲವೆದ್ದಿತು, ಸೆನೆಟ್‌ನ ಸಮಿತಿ ಕುಳಿತಿತು, ಜರ್ಮನ್ ನ್ಯಾಯಾಲಯ ಮತ್ತೆ ವಿಚಾರಿಸಿ 1951ರಲ್ಲಿ ಮತ್ತೆ ಜೀವಾವಧಿ ವಿಧಿಸಿತು. ಯುವರಾಜನ ಶಿಕ್ಷೆ ಇಳಿದಾಗ ಅಂಥ ಗದ್ದಲ ಏಳಲಿಲ್ಲ. ಇಲ್ಸೆ ಕೊಖ್ 1967ರ ಸೆಪ್ಟೆಂಬರ್ 1ರಂದು ಐಖಾಖ್ ಸೆರೆಮನೆಯಲ್ಲಿ ನೇಣು ಹಾಕಿಕೊಂಡು ಸತ್ತಳು. ಯೋಸಿಯಾಸ್ ಅದೇ ವರ್ಷದ ನವೆಂಬರ್ 30ರಂದು ಡೀಟ್ಸ್ ಬಳಿಯ ತನ್ನ ಶೌಂಬುರ್ಗ್ ಕೋಟೆಯಲ್ಲಿ ಸತ್ತ.

ಹೆಚ್ಚು ಓದಬೇಕೆನ್ನುವವರು ಮತ್ತೆ ಆರೋಲ್ಸನ್‌ಗೇ ಹೋಗಬೇಕು. ಬಾಂಬಿಗೆ ಸಿಗದೆ ಉಳಿದ ಊರು, ಗೆದ್ದ ರಾಷ್ಟ್ರಗಳು ಹಂಚಿಕೊಂಡಿದ್ದ ಜರ್ಮನಿಯ ನಾಲ್ಕು ಆಕ್ರಮಿತ ವಲಯಗಳ ನಡುವೆ ಅನುಕೂಲದ ಜಾಗ ಎಂಬ ಕಾರಣಕ್ಕೆ 1946ರಲ್ಲಿ ಮಿತ್ರರಾಷ್ಟ್ರಗಳು ಕಾಣೆಯಾದವರನ್ನು ಹುಡುಕುವ ಕಚೇರಿಯನ್ನು ಅಲ್ಲಿ ತೆರೆದವು. ಇಂದು ಅದರ ಹೆಸರು ಆರೋಲ್ಸನ್ ದಫ್ತರ. ನಾತ್ಸಿ ಹಿಂಸೆಗೆ ಸಿಕ್ಕ ಸುಮಾರು 1 ಕೋಟಿ 75 ಲಕ್ಷ ಜನರ ಕುರಿತ ಕಾಗದಪತ್ರಗಳು ಅಲ್ಲಿವೆ, ಬೂಖನ್‌ವಾಲ್ಡ್ ಕೈದಿಗಳ ಹೆಸರಿನ ಕಾರ್ಡುಗಳೂ ಅವುಗಳಲ್ಲಿ ಸೇರಿವೆ. ಬಹುಪಾಲು ಈಗ ಅಂತರ್ಜಾಲದಲ್ಲಿ ಓದಲು ಸಿಗುತ್ತದೆ.