ಕನಿಷ್ಠ ವೇತನ ಏರಿದಾಗ ಹೊರೆ ಹೊರಬೇಕಾದವರು ಯಾರು?

ಕನಿಷ್ಠ ವೇತನ ಪರಿಷ್ಕರಣೆಯ ಕರಡು ಅಧಿಸೂಚನೆ ಹೊರಬಿದ್ದಾಗಲೆಲ್ಲ ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳ ಮಾಲೀಕರು ನನ್ನನ್ನು ಕೇಳುವುದು, ಎಷ್ಟು ಜನರನ್ನು ಕೆಲಸದಿಂದ ಬಿಡಿಸಬೇಕಾದೀತು ಎಂದು. ವೇತನ ದಾಖಲೆಗಳ ಪರಿಶೀಲನೆಯೇ ನನ್ನ ವೃತ್ತಿಯಾದ್ದರಿಂದ, ಉತ್ತರಿಸುವ ಮೊದಲು ನಾನು ಅವರಿಗೆ ದೊಡ್ಡ ಕಂಪನಿಗಳಿಂದ ಬಂದಿರುವ ಖರೀದಿ ಆದೇಶಗಳನ್ನು ನೋಡುತ್ತೇನೆ.

ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಘಟಕಕ್ಕೆ ಬರುವ ಪ್ರತಿ 100 ರೂಪಾಯಿಯಲ್ಲಿ 20 ರೂಪಾಯಿ ಕೂಲಿಗೆ ಹೋಗುತ್ತದೆ ಎಂದುಕೊಳ್ಳೋಣ. ವೇತನ ಶೇ 15ರಷ್ಟು ಏರಿದರೆ ಹೆಚ್ಚುವ ಖರ್ಚು 3 ರೂಪಾಯಿ. ಖರೀದಿದಾರ ಕಂಪನಿ ಅದನ್ನು ಭರಿಸಿದರೆ ಅಂತಿಮ ಸರಕಿನ ಬೆಲೆಯಲ್ಲಿ ಅದು ಕಾಣುವುದೇ ಕಷ್ಟ. ಭರಿಸದಿದ್ದರೆ, 6 ರೂಪಾಯಿ ಲಾಭ ಉಳಿಸಿಕೊಳ್ಳುವ ಮಾಲೀಕನ ಅರ್ಧ ಲಾಭ ಹೋಗುತ್ತದೆ. ಉಕ್ಕಿನ ಬೆಲೆ ಏರಿದರೆ ದರ ಪರಿಷ್ಕರಿಸುವ ಷರತ್ತು ಆದೇಶಗಳಲ್ಲಿ ಇರುವುದುಂಟು. ಕೂಲಿ ಏರಿದಾಗ ಹಾಗೆ ಮಾಡುವ ಷರತ್ತನ್ನು ನಾನು ಕಂಡಿರುವುದು ತೀರಾ ವಿರಳ, ಮತ್ತು ಇದು ಅನ್ಯಾಯವೆಂದೇ ನನ್ನ ಖಚಿತ ಅಭಿಪ್ರಾಯ.

ವೇತನ ಏರಿದರೆ ಉದ್ಯೋಗ ಕುಸಿದೇ ತೀರುತ್ತದೆ ಎಂಬುದು ಸಾಬೀತಾದ ಸತ್ಯವಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಗಂಟೆಯ ಕನಿಷ್ಠ ವೇತನ 4.25ರಿಂದ 5.05 ಡಾಲರ್‌ಗೆ ಏರಿದ ಬಳಿಕ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಫಾಸ್ಟ್‌ಫುಡ್ ಮಳಿಗೆಗಳನ್ನು ಅಧ್ಯಯನ ಮಾಡಿದಾಗ ಅಲ್ಲಿ ಉದ್ಯೋಗ ಕುಸಿದಿರಲಿಲ್ಲ. ಆದರೆ ಗಿರಾಕಿಗೆ ತಾವೇ ಬೆಲೆ ಹೇಳುವ ಮಳಿಗೆಗಳವು. ನಮ್ಮ ಜಾಬ್‌ವರ್ಕ್ ಘಟಕಕ್ಕೆ ಆ ಅವಕಾಶವಿಲ್ಲ.

ಹೀಗೆ ಸಿಕ್ಕಿಬಿದ್ದ ಮಾಲೀಕ ಕಾರ್ಮಿಕರನ್ನು ಬಿಡಿಸುವ ಮೊದಲೇ ಬೇರೆ ದಾರಿ ಹಿಡಿಯುವುದನ್ನು ದಾಖಲೆಗಳು ಹೇಳುತ್ತವೆ: ದಿನದ ಟಾರ್ಗೆಟ್ ಹೆಚ್ಚುತ್ತದೆ, ಓವರ್‌ಟೈಮ್‌ಗೆ ಕಾನೂನು ವಿಧಿಸಿದ ದುಪ್ಪಟ್ಟು ದರದ ಬದಲು ಒಂದೇ ಪಟ್ಟು ಪಾವತಿಯಾಗುತ್ತದೆ, ಮೂಲ ವೇತನವನ್ನು ತಗ್ಗಿಸಿ ಭತ್ಯೆಗಳನ್ನು ಉಬ್ಬಿಸಲಾಗುತ್ತದೆ. 2019ರ ವೇತನ ಸಂಹಿತೆಯ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಮೊತ್ತವೂ ವೇತನವೇ ಆಗುವುದರಿಂದ ಕೊನೆಯ ಉಪಾಯ ಇನ್ನು ಹೆಚ್ಚು ನಡೆಯದು.

ಕಾರ್ಮಿಕರು ಇಎಸ್‌ಐ (ನೌಕರರ ರಾಜ್ಯ ವಿಮೆ) ಬಗ್ಗೆಯೂ ಎಚ್ಚರ ವಹಿಸಬೇಕು. 2017ರಿಂದ ಜಾರಿಯಲ್ಲಿರುವ ಮಾಸಿಕ 21,000 ರೂಪಾಯಿಯ ಮಿತಿಯನ್ನು ವೇತನ ದಾಟಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಬಳಿಕ ವಂತಿಗೆ ನಿಲ್ಲುತ್ತದೆ. ಕ್ರಮೇಣ ಕುಟುಂಬದ ಚಿಕಿತ್ಸೆಯ ರಕ್ಷಣೆಯೂ ತಪ್ಪುತ್ತದೆ. ವೇತನ ಏರಿದಾಗ ಆ ಮಿತಿಯೂ ಜೊತೆಜೊತೆಗೇ ಏರಬೇಕು. ಮಾಲೀಕರಿಗೆ ನನ್ನ ಸಲಹೆ ಇಷ್ಟೇ: ಕನಿಷ್ಠ ವೇತನದ ಭಾಗವಾದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದು ಮೊದಲೇ ಗೊತ್ತಿರುವುದರಿಂದ, ಮುಂದಿನ ದರ ಒಪ್ಪಂದದಲ್ಲಿ ಕೂಲಿ ಏರಿಕೆಯ ಷರತ್ತನ್ನು ಸಂಘದ ಮೂಲಕ ಒಟ್ಟಾಗಿ ಕೇಳಿ.