ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ ಇದ್ದರೂ ಡಾಕ್ಟರು ಯಾಕೆ ಈಗಲೇ ಆಪರೇಷನ್ ಮಾಡುತ್ತಿಲ್ಲ?

ಪ್ರಶ್ನೆ: ಅಣ್ಣನಿಗೆ ಮೆನ್-1 (ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ಬರುವ ಆನುವಂಶಿಕ ಕಾಯಿಲೆ) ಅಂತ ಗೊತ್ತಾಗಿದೆ. ಪ್ಯಾಂಕ್ರಿಯಾಸ್‌ನಲ್ಲಿ ಮೂರು ಗಡ್ಡೆ, ದೊಡ್ಡದು 1.2 ಸೆಂ.ಮೀ. ಹಾರ್ಮೋನ್ ತೊಂದರೆ ಏನೂ ಇಲ್ಲವಂತೆ. ಡಾಕ್ಟರು ‘ಸದ್ಯ ನೋಡೋಣ’ ಅನ್ನುತ್ತಾರೆ. ಗಡ್ಡೆ ಇಟ್ಟುಕೊಂಡು ಸುಮ್ನೆ ಕೂರುವುದಾ? – ಕುಮಟಾದ ಓದುಗರು

ಭಯ ಆಗೋದು ಸಹಜ. ಆದರೆ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ.

ಮೆನ್-1 ಇದ್ದವರಿಗೆ ಮೈಯ ಎಲ್ಲ ಜೀವಕೋಶಗಳಲ್ಲೂ ಅದೇ ಹೆಸರಿನ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಹಾಗಾಗಿ ಇವತ್ತು ಮೂರು ಗಡ್ಡೆ ತೆಗೆದರೂ ಉಳಿದ ಭಾಗದಲ್ಲಿ ಮತ್ತೆ ಹುಟ್ಟಬಹುದು, ಸ್ಕ್ಯಾನಿಗೆ ಕಾಣದಷ್ಟು ಸಣ್ಣವು ಈಗಾಗಲೇ ಅಲ್ಲಿರಲೂಬಹುದು. ರಗಳೆಯೇ ಬೇಡ ಅಂತ ಇಡೀ ಗ್ರಂಥಿ ತೆಗೆದರೆ ಜೀವನಪೂರ್ತಿ ಇನ್ಸುಲಿನ್ ಇಂಜೆಕ್ಷನ್, ಊಟದ ಜೊತೆಗೆ ಎಂಜೈಮ್ ಮಾತ್ರೆ. ಅದಕ್ಕೇ ಹಾರ್ಮೋನ್ ಸುರಿಸದ ಗಡ್ಡೆ 2 ಸೆಂ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಕಾಯುತ್ತಾರೆ. ಅದಕ್ಕಿಂತ ದೊಡ್ಡದಾದರೆ, ಅಥವಾ ಬೇಗ ಬೇಗ ಬೆಳೆಯುತ್ತಿದ್ದರೆ, ಆಪರೇಷನ್ ಮಾತು ಬರುತ್ತದೆ. ಅಲ್ಲಿಯವರೆಗೆ ಎಂಆರ್‌ಐ ತಪ್ಪಿಸಬಾರದು, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಕಾಯಬಾರದ ಗಡ್ಡೆಯೂ ಒಂದಿದೆ: ಇನ್ಸುಲಿನೋಮಾ, ಅಂದರೆ ಇನ್ಸುಲಿನ್ ಸುರಿಸಿ ಶುಗರ್ ಇಳಿಸುವ ಗಡ್ಡೆ. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಬೆವರು, ಕೈ ನಡುಕ, ಅಸಂಬದ್ಧ ಮಾತು. ಬೆಲ್ಲದ ನೀರು ಕುಡಿಸಿದರೆ ಹತ್ತು-ಹದಿನೈದು ನಿಮಿಷದಲ್ಲಿ ಮನುಷ್ಯ ಮೊದಲಿನಂತೆ! ಸುಸ್ತು ಅಂತ ಮನೆಯವರು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಬೆಲ್ಲದ ನೀರು ಕೊಡುವ ಮೊದಲು ಬೆರಳು ಚುಚ್ಚಿ ಶುಗರ್ ನೋಡಿ (ಪ್ರಜ್ಞೆ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ). 55ಕ್ಕಿಂತ ಕಡಿಮೆ ಇದ್ದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಇದಕ್ಕೆ ಸಾಮಾನ್ಯವಾಗಿ ಗ್ರಂಥಿಯ ಬಾಲದ ಕಡೆಯ ಭಾಗ ತೆಗೆದು, ತಲೆಯ ಕಡೆ ಇರುವ ಗಡ್ಡೆಗಳನ್ನು ಹಲಸಿನ ತೊಳೆಯಿಂದ ಬೇಳೆ ಬಿಡಿಸಿದ ಹಾಗೆ ಒಂದೊಂದಾಗಿ ಬಿಡಿಸುತ್ತಾರೆ, ಆದಷ್ಟು ಗ್ರಂಥಿ ಉಳಿಸುವುದಕ್ಕೆ. ಆಮೇಲೆ ಕೆಲವರಿಗೆ ಒಳಗೆ ಪ್ಯಾಂಕ್ರಿಯಾಸ್ ರಸ ಸೋರುವುದುಂಟು. ಅದಕ್ಕೇ ಈ ಆಪರೇಷನ್ ಪದೇ ಪದೇ ಮಾಡುವ ಕೈಯೇ ಬೇಕು. ಮಣಿಪಾಲವೋ, ಹುಬ್ಬಳ್ಳಿಯೋ, ಗೋವಾವೋ, ಎಲ್ಲಿಗೆ ಹೋದರೂ ‘ವರ್ಷಕ್ಕೆ ಎಷ್ಟು ಪ್ಯಾಂಕ್ರಿಯಾಸ್ ಆಪರೇಷನ್ ಮಾಡ್ತೀರಿ?’ ಅಂತ ಕೇಳಿ, ಸಂಕೋಚ ಬೇಡ.

ಗ್ಯಾಸ್ಟ್ರಿನೋಮಾ, ಅಂದರೆ ಹೊಟ್ಟೆಯ ಆ್ಯಸಿಡ್ ಹೆಚ್ಚಿಸುವ ಹಾರ್ಮೋನ್ ಸುರಿಸುವ ಗಡ್ಡೆ, ಬೇರೆ ಜಾತಿ. ನಮ್ಮಲ್ಲಿ ಎದೆಯುರಿ ಅಂದರೆ ಮುರುಗಲ ಪಾನಕ ಕುಡಿದು ವರ್ಷಗಟ್ಟಲೆ ತಳ್ಳುತ್ತಾರಲ್ವಾ, ಆ ಉರಿಯ ಹಿಂದೆ ಇದೂ ಇರಬಹುದು. ಮೆನ್-1ನಲ್ಲಿ ಇವು ಹೆಚ್ಚಾಗಿ ಸಣ್ಣ ಕರುಳಿನ ಶುರುವಿನಲ್ಲಿ, ಚಿಕ್ಕಚಿಕ್ಕದಾಗಿ, ಹಲವು ಇರುತ್ತವೆ. ಆ್ಯಸಿಡ್ ತಡೆಯುವ ಮಾತ್ರೆಯಿಂದ ಉರಿ ಹತೋಟಿಗೆ ಬರುತ್ತದೆ, ಎಲ್ಲರಿಗೂ ಕತ್ತರಿ ಬೇಕಿಲ್ಲ.

ವಾನ್ ಹಿಪ್ಪೆಲ್-ಲಿಂಡೌ ಎಂಬ, ಗಡ್ಡೆ ಬರುವ ಇನ್ನೊಂದು ಆನುವಂಶಿಕ ಕಾಯಿಲೆ ಇರುವ ಮನೆಗಳಲ್ಲಿ ಲೆಕ್ಕ ಬೇರೆ, ಅಲ್ಲಿ ಸುಮಾರು 3 ಸೆಂ.ಮೀ.ವರೆಗೂ ಕಾಯುವುದುಂಟು. ಆದರೆ ಯಾವ ಆಪರೇಷನ್‌ಗೂ ಮೊದಲು ಅಡ್ರಿನಲ್ (ಕಿಡ್ನಿಯ ಮೇಲಿರುವ ಗ್ರಂಥಿ) ಗಡ್ಡೆ ಇದೆಯಾ ನೋಡಲೇಬೇಕು, ಇಲ್ಲದಿದ್ದರೆ ಅರಿವಳಿಕೆ ಕೊಟ್ಟಾಗ ಬಿಪಿ ವಿಪರೀತ ಏರಿ ಜೀವಕ್ಕೇ ಅಪಾಯ.

ಹಳೆಯ ಸ್ಕ್ಯಾನ್‌ಗಳ ಸಿಡಿ ಜೋಪಾನ ಮಾಡಿ. ಬರೀ ರಿಪೋರ್ಟ್ ಸಾಲದು, ಗಡ್ಡೆ ಬೆಳೆದಿದೆಯಾ ಅಂತ ಹೇಳಲು ಡಾಕ್ಟರಿಗೆ ಚಿತ್ರಗಳೇ ಬೇಕು. ಇನ್ನು ನಿಮ್ಮ ವಿಷಯ. ಅಪ್ಪನಿಂದಲೋ ಅಮ್ಮನಿಂದಲೋ ಅಣ್ಣನಿಗೆ ಬಂದಿದ್ದರೆ ನಿಮಗೂ ಬಂದಿರುವ ಸಾಧ್ಯತೆ ಶೇ 50. ಮೆನ್-1ನಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಕಿಡ್ನಿ ಕಲ್ಲು ಆಗುವುದುಂಟು, ಮನೆಯಲ್ಲಿ ಯಾರಿಗಾದರೂ ಪದೇ ಪದೇ ಆಗಿತ್ತಾ, ನೆನಪು ಮಾಡಿಕೊಳ್ಳಿ. ಅಣ್ಣನ ಜೀನ್ ರಿಪೋರ್ಟ್ ಹಿಡಿದುಕೊಂಡು ಹೋಗಿ ನೀವೂ ಟೆಸ್ಟ್ ಮಾಡಿಸಿ, ಜೊತೆಗೆ ರಕ್ತದ ಕ್ಯಾಲ್ಸಿಯಂ ಕೂಡ.