ಉಪ್ಪಿನ ಪೊಟ್ಟಣದಲ್ಲಿ ಸಯನೈಡ್ ಇದೆಯೇ?

ಪ್ರಶ್ನೆ: ಮಳೆಗಾಲದಲ್ಲಿ ಬೈಂಬಳೆ (ಎಳೆ ಬಿದಿರು, ಕಳಲೆ) ತಂದರೆ ವಿಷ ಹೋಗಲೆಂದು ದಿನಗಟ್ಟಲೆ ನೆನೆಸಿ, ನೀರು ಚೆಲ್ಲುತ್ತೇವೆ. ಅದೇ ಅಡುಗೆಗೆ ಹಾಕುವ ಉಪ್ಪಿನ ಪೊಟ್ಟಣದ ಮೇಲೆ '536' ಎಂದಿದೆ; ಅದು ಪೊಟ್ಯಾಶಿಯಂ ಫೆರೋಸಯನೈಡ್ ಅಂತೆ. ತಿನ್ನಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಧೈರ್ಯವಾಗಿ ತಿನ್ನಿ. ಎರಡರಲ್ಲೂ ಇರುವುದು ಇಂಗಾಲ, ಸಾರಜನಕ ಸೇರಿದ ಅದೇ ಸಯನೈಡ್. ಅದು ಎಷ್ಟು ಸುಲಭವಾಗಿ ಬಿಡಿಸಿಕೊಂಡು ಬರುತ್ತದೆ ಎಂಬುದನ್ನು ನೋಡಬೇಕು.

ಎಳೆ ಬಿದಿರಿನಲ್ಲಿ ಅದು ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತದೊಳಗೆ ಇರುತ್ತದೆ. ಹೆಚ್ಚಿದ ಕೂಡಲೇ ಬಿದಿರಿನದೇ ಕಿಣ್ವ ಅದನ್ನು ಒಡೆಯಲು ತೊಡಗಿ, ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಇದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ವಸ್ತು. ನೀರು ಬದಲಿಸಿ ನೆನೆಸುವುದು, ಮುಚ್ಚದೆ ಚೆನ್ನಾಗಿ ಬೇಯಿಸುವುದು ಇದಕ್ಕಾಗಿಯೇ. ಆ ಪದ್ಧತಿಯನ್ನು ಖಂಡಿತ ಬಿಡಬೇಡಿ.

ಫೆರೋಸಯನೈಡಿನ ಕಥೆ ಬೇರೆ. ನಡುವೆ ಒಂದು ಕಬ್ಬಿಣದ ಅಯಾನು, ಸುತ್ತ ಆರು ದಿಕ್ಕಿಗೆ ಆರು ಸಯನೈಡ್, ಎಲ್ಲವೂ ಇಂಗಾಲದ ತುದಿಯಿಂದ ಅಂಟಿಕೊಂಡಿವೆ. ಸಯನೈಡ್ ಎಲೆಕ್ಟ್ರಾನು ಕೊಟ್ಟರೆ ಕಬ್ಬಿಣವೂ ಒಂದಿಷ್ಟು ಹಿಂದಿರುಗಿಸುತ್ತದೆ; ಹಾಗಾಗಿ ಬಂಧ ಬಹಳ ಬಿಗಿ. ಜಠರದ ಆಮ್ಲಕ್ಕೆ ಅದು ಜಗ್ಗುವುದಿಲ್ಲ, ಬಹುಪಾಲು ಹಾಗೆಯೇ ದೇಹದಿಂದ ಹೊರಹೋಗುತ್ತದೆ. ಪ್ರಮಾಣವೂ ಅತ್ಯಲ್ಪ: ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋ ಉಪ್ಪಿಗೆ 14 ಮಿಲಿಗ್ರಾಂ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೂ 0.14 ಮಿಲಿಗ್ರಾಂ ಆಯಿತು. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 1.5 ಮಿಲಿಗ್ರಾಂವರೆಗೆ ತೊಂದರೆಯಿಲ್ಲವೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ನನ್ನನ್ನು ಕೇಳಿದರೆ, ಆ 10 ಗ್ರಾಂ ಉಪ್ಪೇ ರಕ್ತದೊತ್ತಡಕ್ಕೆ ಹೆಚ್ಚಿನ ಚಿಂತೆ.

ಇದನ್ನು ಸೇರಿಸುವ ಕಾರಣವಂತೂ ಬಹಳ ಸೊಗಸು. ಮಡಿಕೇರಿಯ ಮಳೆಗೆ ಉಪ್ಪು ಪಸೆಗೂಡಿ, ಒಣಗುವಾಗ ಹರಳುಗಳ ನಡುವೆ ಹೊಸ ಉಪ್ಪು ಬೆಳೆದು ಗಟ್ಟಿಯಾಗುತ್ತದೆ. ಉಪ್ಪಿನ ಹರಳಿನಲ್ಲಿ ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್ ಇರುತ್ತವಲ್ಲ, ಆ ಜಾಗಕ್ಕೆ ಆರು ಸಯನೈಡಿನ ಫೆರೋಸಯನೈಡ್ ಸರಿಯಾಗಿ ಹೊಂದಿ ಕೂರುತ್ತದೆ. ಆದರೆ ಅದರ ವಿದ್ಯುದಂಶ ಬೇರೆಯಾದ್ದರಿಂದ ಹರಳು ಅಲ್ಲಿಂದ ಮುಂದೆ ಬೆಳೆಯಲಾರದು, ಉಪ್ಪು ಉದುರುದುರಾಗಿ ಉಳಿಯುತ್ತದೆ.

ಹಾಗೆಂದು ಲೋಹಕ್ಕೆ ಅಂಟಿದ ಸಯನೈಡೆಲ್ಲ ನಿರಪಾಯ ಎಂದುಕೊಳ್ಳಬೇಡಿ. ಸತುವಿನ ಸಯನೈಡ್ ಸಂಕೀರ್ಣ ದುರ್ಬಲ ಆಮ್ಲಕ್ಕೇ ಒಡೆಯುತ್ತದೆ. ನಿಕ್ಕಲ್‌ನದು ಗಟ್ಟಿಯಾದರೂ ಅದರ ಸಯನೈಡ್‌ಗಳು ಕ್ಷಣಮಾತ್ರದಲ್ಲಿ ಅದಲುಬದಲಾಗುತ್ತಿರುತ್ತವೆ. ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಹಾಕುವ ಕೆಲಸ) ತ್ಯಾಜ್ಯ ಅಪಾಯಕಾರಿ ಆಗಿರುವುದು ಇಂಥ ಕಾರಣಕ್ಕೆ.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಇದನ್ನೂ ಹೇಳಿ: ಕಬ್ಬಿಣ ಪತ್ತೆಹಚ್ಚಲು ಲ್ಯಾಬಿನಲ್ಲಿ ಬಳಸುವ ಹಳದಿ ಹರಳು ಇದೇ ಪೊಟ್ಯಾಶಿಯಂ ಫೆರೋಸಯನೈಡ್. ಅದನ್ನು ಆಮ್ಲದೊಂದಿಗೆ ಕಾಯಿಸಲೇಬಾರದು. ಬಿಸಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಕಬ್ಬಿಣದ ಹಿಡಿತ ತಪ್ಪಿ, ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ.